ಹಂಡೆಯಿಂದ ಹುಟ್ಟಿದ ಜಪಾನ್ ಇಂಜಿನ್ನು

ಕರೀ ಕೋಟು ಹಾಕಿದ್ದ ಆ ತೀರ್ಪುಗಾರನ ಮೇಲಿನ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

ಮಂಡ್ಯದ ಒಂದು ಕಾಲೇಜು, ಹೆಸರು ಬೇಡ. ಹೋದ ಡಿಸೆಂಬರಿನಲ್ಲಿ ಅಲ್ಲಿ ಯಂತ್ರಗಳ ಪ್ರದರ್ಶನ ಇಟ್ಟಿದ್ದರು. ಕಾಲೇಜಿನ ಹುಡುಗರು ಮಾತ್ರವಲ್ಲ, ಊರಿನ ಮೆಕ್ಯಾನಿಕ್ಕುಗಳೂ ತಮ್ಮ ಕೈಕೆಲಸ ತಂದಿಡಬಹುದು ಅಂತ ಪೇಪರಿನಲ್ಲಿ ಬಂದಿತ್ತು. ಮದ್ದೂರಿನ ಲೇತು ಮೆಕ್ಯಾನಿಕ್ ಜಕೀವುಲ್ಲಾ ಸಾಬರು ನಾಲ್ಕು ವರ್ಷ ಕೂತು ಮಾಡಿದ ಉಗಿ ರೈಲು ಇಂಜಿನ್ನನ್ನು ನಾನೇ ನನ್ನ ಗೂಡ್ಸ್ ಆಟೋದಲ್ಲಿ ಹುಲ್ಲು ಹಾಸಿ, ಕಂಬಳಿ ಸುತ್ತಿ ಒಯ್ದಿದ್ದೆ. ಮೂರು ಮೊಳ ಉದ್ದದ ಇಂಜಿನ್ನು. ಆಟದ ಸಾಮಾನಲ್ಲ. ಬೆಂಕಿ ಹಾಕಿದರೆ ಉಗಿ ಏರುತ್ತದೆ, ಉಗಿ ಏರಿದರೆ ಆಳನ್ನು ಕೂರಿಸಿಕೊಂಡು ಎಳೆಯುತ್ತದೆ.

ತೀರ್ಪುಗಾರ ಬಂದ. ಬಗ್ಗಲೂ ಇಲ್ಲ, ನಿಂತಲ್ಲಿಂದಲೇ ನೋಡಿದ.

"ಯಾವ ಇಂಜಿನ್ ಇದು?"

"ಜಪಾನ್ ರೈಲಿಂದು ಸಾರ್. ಜರ್ಮನಿಲಿ ಮಾಡಿ ಅಲ್ಲಿಗೆ ಕಳ್ಸಿದ್ದು. ನೂರು ವರ್ಸದ ಮೇಲಾಯ್ತು," ಅಂದರು ಸಾಬರು.

"ಹಾಗಾದರೆ ಇದರಲ್ಲಿ ನೀವು ಕಂಡುಹಿಡಿದದ್ದು ಏನಿದೆ? ಇರುವುದನ್ನೇ ನೋಡಿ ಮಾಡಿದ್ದೀರಿ."

ಅಷ್ಟು ಹೇಳಿ ಕೈಯಲ್ಲಿದ್ದ ಕಾಗದದಲ್ಲಿ ಒಂದೇ ಮಾತು ಬರೆದ: ನಕಲು. ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು. ಆದರೂ ಎದುರು ನಿಂತು ತಲೆಕೆಳಗಾಗಿ ಕಂಡ ಮೂರಕ್ಷರವನ್ನು ಓದುವಷ್ಟು ಬರುತ್ತದೆ. ಕಾಗದ ಕಿತ್ತುಕೊಂಡೆ. ಇಬ್ಬರು ಅಟೆಂಡರುಗಳು ಬಂದು ನನ್ನ ರಟ್ಟೆ ಹಿಡಿದು ಗೇಟಿನವರೆಗೆ ಬಿಟ್ಟುಬಂದರು. ಅದಕ್ಕೆ ಸ್ವಲ್ಪ ಮೊದಲು ಸಾಬರು ನನಗೆ ಒಂದು ಮಾತು ಹೇಳಿದರು. ಅದನ್ನು ಕೊನೆಗೆ ಬರೆಯುತ್ತೇನೆ. ಮೊದಲು, ನಕಲು ಅನ್ನಿಸಿಕೊಂಡ ಆ ಮನುಷ್ಯ ಎಂಥವರು ಅನ್ನುವುದನ್ನು ನಾಲ್ಕು ಜನ ತಿಳಿಯಬೇಕು.

ನಮ್ಮ ಊರು ಮದ್ದೂರಿನಿಂದ ಮಳವಳ್ಳಿ ಕಡೆಗೆ ಹೋಗುವ ರಸ್ತೆಯಲ್ಲಿ, ಭಾರತೀನಗರಕ್ಕೆ ಮೊದಲು ಸಿಗುತ್ತದೆ. ನನಗೊಂದು ಆಲೆಮನೆ ಇದೆ. ಕಬ್ಬು ಅರೆಯುವ ಗಾಣ ಹಳೆಯದು, ನಮ್ಮಪ್ಪ ಕರಿಯಪ್ಪನ ಕಾಲದ್ದು. ಇಪ್ಪತ್ತು ವರ್ಷದ ಹಿಂದೆ ಸುಗ್ಗಿಯ ನಡುವೆ ಅದರ ಹಲ್ಲುಗಾಲಿಯ ನಾಲ್ಕು ಹಲ್ಲು ಮುರಿದವು. ಗಾಣ ಮಾಡಿದ ಕಂಪನಿ ಮುಚ್ಚಿ ಯಾವ ಕಾಲವೋ ಆಗಿತ್ತು. ಆಲೆಮನೆಯ ಮುಂದೆ ಮೂರು ಗಾಡಿ ಕಬ್ಬು ಒಣಗುತ್ತಿತ್ತು. ಯಾರೋ ಹೇಳಿದರು, ಮದ್ದೂರು ಸ್ಟೇಷನ್ ರಸ್ತೆಯ ಜಕೀವುಲ್ಲಾ ಹತ್ತಿರ ಹೋಗು ಅಂತ.

ಹೋದೆ. ಹತ್ತು ಅಡಿ ಅಗಲದ ಅಂಗಡಿ. ಕಬ್ಬಿಣ ಕಡೆಯುವ ಒಂದು ಲೇತು, ಒಂದು ತೂತು ಹೊಡೆಯುವ ಯಂತ್ರ, ಗೋಡೆಯ ಮೇಲೆ ಒಂದು ಕಲ್ಲಿದ್ದಲಿನ ಸಲಿಕೆ. ಬಾಗಿಲಿನ ಮೇಲೆ ಬೋರ್ಡಿಲ್ಲ, ಬಿಳೀ ಬಣ್ಣದಲ್ಲಿ ಎರಡೇ ಮಾತು: 'ಮಾದರಿ ತನ್ನಿ'. ಮಾದರಿ ಕೊಟ್ಟರೆ ಅದರ ಜೊತೆಯದನ್ನು, ಅಂದರೆ ಅಂಥದೇ ಇನ್ನೊಂದನ್ನು, ಮಾಡಿಕೊಡುವುದೇ ಅವರ ಕಸುಬು. ಪಂಪಿನ ತಿರುಪು, ಟಿಲ್ಲರಿನ ಕೀಲು, ರೇಷ್ಮೆ ತೆಗೆಯುವ ಯಂತ್ರದ ಚಕ್ರ, ಯಾವುದೇ ಆಗಲಿ. ಊರಲ್ಲಿ ಕೆಲವರು ಅವರನ್ನು ಬೆನ್ನ ಹಿಂದೆ ಡೂಪ್ಲಿಕೇಟ್ ಸಾಬ್ರು ಅನ್ನುತ್ತಿದ್ದರು. ಅದು ಅವರಿಗೂ ಗೊತ್ತಿತ್ತು.

ನನ್ನ ಮುರಿದ ಗಾಲಿಯನ್ನು ನೋಡಿ, "ನಾಳಿದ್ದು ಬನ್ನಿ," ಅಂದರು. ಹೇಳಿದ ದಿನ ಹೋದರೆ ಹೊಸ ಗಾಲಿ ಸಿದ್ಧವಾಗಿ ಮೇಜಿನ ಮೇಲಿತ್ತು, ಆದರೆ ಕೊಡಲಿಲ್ಲ.

"ಒಂದು ಹಲ್ಲು ಕೂದಲೆಳೆಯಷ್ಟು ತೆಳ್ಳಗೆ ಆಗೈತೆ. ಇನ್ನೊಂದು ಮಾಡ್ತೀನಿ."

"ಅಯ್ಯೋ, ಕೊಡಿ ಸಾಬ್ರೇ! ಕಬ್ಬು ಒಣಗ್ತಾ ಐತೆ. ಕೂದಲೆಳೆ ಯಾರು ನೋಡ್ತಾರೆ?"

"ಗಾಣ ನೋಡ್ತದೆ," ಅಂದು ಅದನ್ನು ಮೂಲೆಗೆ ಎಸೆದರು.

ನಾನು ಬಾಯಿಗೆ ಬಂದಂತೆ ಬೈದೆ. ಅವರು ಲೇತು ಹಾಕಿದರು. ನನ್ನ ಬೈಗುಳ ಅದರ ಸದ್ದಿನಲ್ಲಿ ಮುಳುಗಿಹೋಯಿತು. ಸಂಜೆಗೆ ಇನ್ನೊಂದು ಗಾಲಿ ಕೊಟ್ಟರು. ಅದು ಇವತ್ತಿಗೂ ತಿರುಗುತ್ತಿದೆ. ಅಂದಿನಿಂದ ನಾನು ಆ ಅಂಗಡಿಯ ಸ್ಟೂಲಿನ ಗಿರಾಕಿ. ಕೆಲಸ ಇರಲಿ ಬಿಡಲಿ, ಮದ್ದೂರಿಗೆ ಹೋದರೆ ಅಲ್ಲಿ ಅರ್ಧ ಗಂಟೆ ಕೂರದೆ ಬರುವುದಿಲ್ಲ.

ಗೋಡೆಯ ಮೇಲಿನ ಸಲಿಕೆ ಅವರ ತಂದೆ ರಹೀಂ ಸಾಬರದು. ಮೈಸೂರು ಬೆಂಗಳೂರು ನಡುವೆ ಮೀಟರ್ ಗೇಜ್, ಅಂದರೆ ಒಂದೇ ಮೀಟರ್ ಅಗಲದ ಹಳಿ ಇದ್ದ ಕಾಲದಲ್ಲಿ ರಹೀಂ ಸಾಬರು ಉಗಿ ಇಂಜಿನ್ನಿನ ಬೆಂಕಿಗೆ ಕಲ್ಲಿದ್ದಲು ಎಸೆಯುವ ಕೆಲಸದಲ್ಲಿದ್ದರು. ಇಂಜಿನ್ನು ಮದ್ದೂರಿನಲ್ಲಿ ನೀರು ಕುಡಿಯಲು ನಿಂತಾಗ ಚಿಕ್ಕ ಜಕೀವುಲ್ಲಾ ಬುತ್ತಿ ಹಿಡಿದು ಓಡುತ್ತಿದ್ದರಂತೆ. ಅಪ್ಪ ಬುತ್ತಿ ಉಣ್ಣುವ ಹತ್ತು ನಿಮಿಷ ಮಗ ಗಾಲಿಗಳ ಪಕ್ಕ ಕೂತು ಅಳತೆ ನೋಡುವುದು. "ಗೇಣು ಹಾಕಿ ಹಾಕಿ ಆ ಇಂಜಿನ್ ಪೂರ್ತಿ ನನ್ನ ಕೈಗೆ ಬಾಯಿಪಾಠ ಆಗೋಗಿತ್ತು," ಅನ್ನುತ್ತಿದ್ದರು. ಆಮೇಲೆ ಹಳಿ ಅಗಲವಾಯಿತು, ಉಗಿ ಹೋಯಿತು, ಅಪ್ಪನೂ ಹೋದರು. ಸಲಿಕೆ ಉಳಿಯಿತು.

ಸುಮಾರು ಆರು ವರ್ಷದ ಹಿಂದೆ ಗುಜರಿ ಅಂಗಡಿಯಲ್ಲಿ ಹಿತ್ತಾಳೆ ಹುಡುಕಲು ಹೋದ ಸಾಬರ ಕಣ್ಣಿಗೆ ಒಂದು ದಪ್ಪ ಪುಸ್ತಕ ಬಿತ್ತು. ಯಾರೋ ಹಳೇ ಇಂಜಿನಿಯರರ ಮನೆ ಖಾಲಿ ಮಾಡಿದಾಗ ಬಂದದ್ದು, ಅರ್ಧ ಗೆದ್ದಲು ತಿಂದಿತ್ತು. ಜರ್ಮನಿಯವರು ಬೇರೆ ಬೇರೆ ದೇಶಕ್ಕೆ ಮಾಡಿ ಕಳಿಸಿದ ಇಂಜಿನ್ನುಗಳ ಚಿತ್ರಗಳಿದ್ದವು. ಅದರೊಳಗೆ ಮಡಿಸಿಟ್ಟ ದೊಡ್ಡ ಹಾಳೆಯೊಂದರಲ್ಲಿ ಜಪಾನಿಗೆ ಹೋದ ಪ್ಯಾಸೆಂಜರ್ ಇಂಜಿನ್ನು, ಪಕ್ಕದಿಂದ ನೋಡಿದ ಹಾಗೆ ಬರೆದದ್ದು. ಸಾಬರು ಆ ಹಾಳೆ ಬಿಡಿಸಿ ಅಲ್ಲೇ ಕೂತುಬಿಟ್ಟರಂತೆ. ಅವರ ಹೆಂಡತಿ ಅಜೀಜಾ ಬಂದು ಊಟಕ್ಕೆ ಕರೆದುಕೊಂಡು ಹೋಗಬೇಕಾಯಿತು.

ನನಗೂ ತೋರಿಸಿದರು. ಮುಂದೆ ನಾಲ್ಕು ಪುಟ್ಟ ಗಾಲಿ, ಹಿಂದೆ ಆರು ಭಾರೀ ಗಾಲಿ.

"ನೋಡಿ ಸಿವರಾಜಣ್ಣ. ನಮ್ಮ ಲೈನಿನ ಹಳೇ ಇಂಜಿನ್ನು ಬಂಡೂರು ಟಗರಿದ್ದಂಗೆ, ಕಾಲು ಗಿಡ್ಡ. ಇದು ಹಳ್ಳಿಕಾರ್ ಹೋರಿ. ಹಳಿ ಚಿಕ್ಕದು, ಗಾಲಿ ಆಳೆತ್ತರ. ಚಿಕ್ಕ ಹಳಿ ಮೇಲೆ ಇಷ್ಟು ದೊಡ್ಡ ಗಾಲಿ ನಿಲ್ಲಿಸ್ಬೇಕಾದ್ರೆ ಮಾಡಿದವನಿಗೆ ಗುಂಡಿಗೆ ಬೇಕು."

ಅವರ ಮಗಳು ಶಬ್ರೀನ್ ಆಗ ಭಾರತೀನಗರದಲ್ಲಿ ಡಿಪ್ಲೊಮಾ ಓದುತ್ತಿದ್ದಳು. ಅವಳು ಫೋನಿನಲ್ಲಿ ಹುಡುಕಿ ಓದಿ ಹೇಳಿದಳು: ಸಾವಿರದ ಒಂಬೈನೂರ ಹನ್ನೊಂದರ ಸುಮಾರಿಗೆ ಜಪಾನಿನವರು ಬ್ರಿಟನ್ನಿಂದ, ಜರ್ಮನಿಯಿಂದ, ಅಮೆರಿಕಾದಿಂದ ವೇಗದ ಪ್ಯಾಸೆಂಜರ್ ಇಂಜಿನ್ನುಗಳನ್ನು ಹಡಗಿನಲ್ಲಿ ತರಿಸಿದರು. ಓಡಿಸಿ ನೋಡಿದರು. ನೋಡಿಕೊಂಡು ಅಂಥವನ್ನೇ ತಮ್ಮ ಕಾರ್ಖಾನೆಗಳಲ್ಲಿ ಮಾಡಿದರು. ಆಮೇಲೆ ತಮ್ಮದೇ ಇಂಜಿನ್ನು ಮಾಡತೊಡಗಿದರು, ಹೊರಗಿನಿಂದ ಹಾಗೆ ತರಿಸುವುದು ಹೆಚ್ಚುಕಮ್ಮಿ ನಿಂತೇಹೋಯಿತು.

ಇದನ್ನು ಕೇಳಿದಾಗ ಸಾಬರ ಮುಖ ನೋಡಬೇಕಿತ್ತು. ಇಡೀ ಒಂದು ದೇಶ ತಮ್ಮದೇ ಕಸುಬು ಮಾಡಿತ್ತು ಅಂತ ಗೊತ್ತಾದವರ ಮುಖ ಅದು.

"ಮಾದರಿ ತರಿಸ್ಕಂಡವ್ರೆ, ಜೊತೆಯದು ಮಾಡವ್ರೆ," ಅಂದರು. "ಕಣ್ಣಲ್ಲಿ ನೋಡಿ ಮಾಡೋದು ಸುಲಭ ಅಂತಾರೆ. ಮಾಡಿ ನೋಡ್ಲಿ. ಒಂದು ಕೆಲಸನ ಸರಿಯಾಗಿ ಕಾಪಿ ಮಾಡ್ಬೇಕಾದ್ರೆ, ಮೊದಲು ಮಾಡಿದವನು ಎಲ್ಲೆಲ್ಲಿ ಕಷ್ಟಪಟ್ಟವ್ನೆ ಅಂತ ಅರಿತ್ಕಬೇಕು. ಅದು ಅರೀದೆ ಕೈ ಇಟ್ರೆ ತಗಡು ಆಯ್ತದೆ, ಇಂಜಿನ್ ಆಗಲ್ಲ."

ಅದನ್ನೇ ಮಾಡುತ್ತೇನೆ ಅಂತ ನಿಂತರು. ಹನ್ನೆರಡರಲ್ಲಿ ಒಂದು ಪಾಲಿನ ಅಳತೆ, ಅಂದರೆ ಅಡಿಗೆ ಒಂದು ಇಂಚು. ಹಗಲು ಗಿರಾಕಿಗಳ ಕೆಲಸ, ಶುಕ್ರವಾರ ನಮಾಜು ಮುಗಿದ ಮೇಲೆ ಇಂಜಿನ್ನು. ಗಾಲಿ ಎರಕ ಹೊಯ್ಯಿಸಿದರು, ಚೌಕಟ್ಟು ಕೊಯ್ದರು, ಉಗಿ ನುಗ್ಗುವ ಸಿಲಿಂಡರು ಕೊರೆದರು. ಎರಡೂವರೆ ವರ್ಷ ಹೋಯಿತು. ಆಮೇಲೆ ಬಾಯ್ಲರಿಗೆ ಬಂದು ನಿಂತರು. ಅದಕ್ಕೆ ದಪ್ಪ ತಾಮ್ರವೇ ಬೇಕು. ಬಜಾರಿನ ತಗಡು ಅವರಿಗೆ ಹಿಡಿಸಲಿಲ್ಲ.

"ಹಳೇ ಕಾಲದ ಬಡಿದ ತಾಮ್ರ ಸಿಕ್ಕಿದ್ರೆ..." ಅಂದರು.

"ನಮ್ಮನೇಲಿ ಹಂಡೆ ಐತಲ್ಲ! ಸೋಲಾರ್ ಹಾಕ್ಸಿದ ಮೇಲೆ ಸುಮ್ನೆ ಅಟ್ಟದ ಮೇಲೆ ಬಿದ್ದದೆ," ಅಂದೆ ನಾನು.

ಅವ್ವನ ಮದುವೆಯಲ್ಲಿ ತವರಿನವರು ಕೊಟ್ಟ ಹಂಡೆ. ಹನ್ನೆರಡು ಕೆಜಿ. ಹೊಟ್ಟೆಯ ಮೇಲೆ ಚುಕ್ಕಿ ಚುಕ್ಕಿಯಾಗಿ 'ಚಿಕ್ಕಬೋರಮ್ಮ' ಅಂತ ಹೆಸರು ಹೊಡೆಸಿದ್ದರು. ಅವ್ವ ಆಗ ಮಳವಳ್ಳಿಯಲ್ಲಿ ನನ್ನ ತಂಗಿಯ ಮನೆಗೆ ಹೋಗಿದ್ದಳು. ಕೇಳಬೇಕು ಅಂತ ನನಗೆ ಅನ್ನಿಸಲೇ ಇಲ್ಲ. ಅವತ್ತೇ ಇಳಿಸಿ ಸಾಬರಿಗೆ ಕೊಟ್ಟು, "ಅವ್ವ ಕೊಡು ಅಂದ್ಲು," ಅಂತ ಒಂದು ಸುಳ್ಳೂ ಹೇಳಿ ಬಂದೆ.

ದೀಪಾವಳಿ ಹತ್ತಿರ ಬಂತು. ನಮ್ಮ ಕಡೆ ದೀಪಾವಳಿ ಶುರುವಾಗುವುದೇ ನೀರು ತುಂಬುವ ಹಬ್ಬದಿಂದ. ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಸುಣ್ಣದ ಪಟ್ಟೆ ಬಳಿದು, ಕುತ್ತಿಗೆಗೆ ಬಳ್ಳಿ ಸುತ್ತಿ, ನೀರು ತುಂಬಿ ಪೂಜೆ ಮಾಡುತ್ತಾರೆ. ಮಾರನೇ ದಿನ ಅದೇ ನೀರಲ್ಲಿ ಎಣ್ಣೆಸ್ನಾನ. ವರ್ಷವೆಲ್ಲ ಸೋಲಾರ್ ನೀರು ಸುರಿದುಕೊಂಡರೂ ಅವ್ವ ಆ ಒಂದು ದಿನ ಹಂಡೆ ಇಳಿಸುತ್ತಿದ್ದಳು. ಅದನ್ನು ನಾನು ಮರೆತಿದ್ದೆ. ಅವ್ವ ಮಳವಳ್ಳಿಯಿಂದ ಬಂದು, ಒಂದು ಹಿಡಿ ಹುಣಸೆಹಣ್ಣು ನೆನೆಹಾಕಿ, ಅಟ್ಟ ನೋಡಿದಳು.

ಮನೆಯಲ್ಲಿ ನಡೆದದ್ದನ್ನು ಬರೆಯುವುದಿಲ್ಲ. ನನ್ನ ಸಿಟ್ಟು ಎಲ್ಲಿಂದ ಬಂತು ಅಂತ ಊರಿಗೆ ಅವತ್ತು ಗೊತ್ತಾಯಿತು. ಎಪ್ಪತ್ತಾರು ವರ್ಷದ ಹೆಂಗಸು ಒಬ್ಬಳೇ ಬಸ್ಸು ಹತ್ತಿ ಮದ್ದೂರಿಗೆ ಹೋದಳು. ನಾನು ಆಮೇಲಿನ ಬಸ್ಸಿನಲ್ಲಿ ಓಡಿದೆ. ನಾನು ಅಂಗಡಿ ಮುಟ್ಟುವ ಹೊತ್ತಿಗೆ ಹಂಡೆ ಆಗಲೇ ನಾಲ್ಕು ತುಂಡಾಗಿ ಮೇಜಿನ ಮೇಲಿತ್ತು. ಅವ್ವ ತನ್ನ ಹೆಸರಿದ್ದ ತುಂಡನ್ನು ಮಡಿಲಲ್ಲಿಟ್ಟುಕೊಂಡು ನನ್ನ ಸ್ಟೂಲಿನ ಮೇಲೆ ಕೂತಿದ್ದಳು. ಸಾಬರು ಲೇತು ಆರಿಸಿ, ಕೈಕಟ್ಟಿ ನಿಂತಿದ್ದರು.

"ನಿಮ್ಮನ್ನ ಕೇಳಿಲ್ಲ ಅಂತ ನಂಗೆ ಗೊತ್ತಿರ್ನಿಲ್ಲ ಕಣವ್ವ," ಅಂದರು. ನನ್ನ ಸುಳ್ಳಿನ ವಿಷಯ ತುಟಿಗೆ ತರಲಿಲ್ಲ.

"ಏನ್ ಮಾಡ್ತೀಯ ಇದ್ನ?"

"ರೈಲು ಇಂಜಿನ್ನು. ಇದ್ರಲ್ಲೇ ನೀರು ಕಾಯೋದು."

ಅವ್ವ ಗೋಡೆಯ ಸಲಿಕೆ ನೋಡಿದಳು, ಆರು ಗಾಲಿ ನೋಡಿದಳು. ಆಮೇಲೆ ಅಂದಳು: "ಮುಂದಿನ ವರ್ಸ ನೀರ್ ತುಂಬೋ ಅಬ್ಬಕ್ಕೆ ನನ್ನ ಅಂಡೆಗೆ ನಾನೇ ನೀರು ತುಂಬ್ಬೇಕು. ಬರೀ ಕಾದ್ರೆ ಸಾಲ್ದು. ರೈಲು ಅಂದಿದ್ದೀಯಲ್ಲ, ನನ್ನ ಕೂರಿಸ್ಕಂಡು ಓಡ್ಬೇಕು."

"ಓಡ್ತದೆ. ಅದಾದ್ಮೇಲೆ ಹಂಡೆನೂ ಮಾಡ್ಕೊಡ್ತೀನಿ."

"ಓಡ್ದೆ ಓದ್ರೆ?"

"ಈ ಲೇತು ನಿಮ್ಮನೆಗೆ ತಂದಿಡ್ತೀನಿ."

"ಲೇತಲ್ಲಿ ನಾನೇನು ಸ್ನಾನ ಮಾಡ್ಲಾ?" ಅಂದು ಎದ್ದಳು. ಹೆಸರಿದ್ದ ತುಂಡನ್ನು ಅವರ ಕೈಗೆ ಕೊಟ್ಟಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಆ ವರ್ಷ ಸಾಬರು ದುಡಿದದ್ದನ್ನು ನಾನು ನೋಡಿದ್ದೇನೆ. ತಾಮ್ರವನ್ನು ಕಾಯಿಸಿ ಬಡಿದು, ಕಾಯಿಸಿ ಬಡಿದು ಕೊಳವೆ ಮಾಡಿದರು. ಬೆಳ್ಳಿ ಬೆರೆಸಿದ ಬೆಸುಗೆ ಹಾಕಿದರು. ಅವ್ವನ ಹೆಸರಿದ್ದ ತುಂಡು ಬೆಂಕಿಗೂಡಿನ ನೆತ್ತಿಯ ಮೇಲೆ, ಹೊರಮುಖವಾಗಿ ಕೂತಿತು. ಸಕ್ಕರೆ ಕಾರ್ಖಾನೆಯ ಬಾಯ್ಲರಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತರಾದ ಕೆಂಪಸಿದ್ದಯ್ಯನವರನ್ನು ಭಾರತೀನಗರದಿಂದ ಕರೆಸಿದರು. ಉಗಿ ಬಿಡುವ ಮೊದಲು ತಣ್ಣೀರನ್ನು ಎರಡು ಪಟ್ಟು ಒತ್ತಡದಲ್ಲಿ ತುಂಬಿ ನಿಲ್ಲಿಸಬೇಕು, ಸೋರಬಾರದು. ಮೊದಲ ಸಲ ಒಂದು ಕಡೆ ಸಾಸಿವೆಯಷ್ಟು ಹನಿ ಬಂತು. "ಇದು ಸಾಕು ಬುಡಪ್ಪ, ಉಗಿ ಏರಿದ್ರೆ ತಾನೇ ಕೂತ್ಕತದೆ," ಅಂದರು ಕೆಂಪಸಿದ್ದಯ್ಯ. ಸಾಬರು ಇಡೀ ಬೆಸುಗೆ ಬಿಚ್ಚಿ ಮತ್ತೆ ಹಾಕಿದರು. ಎರಡನೇ ಸಲ ಒತ್ತಡ ತೋರಿಸುವ ಮುಳ್ಳು ಅರ್ಧ ಗಂಟೆ ಅಲ್ಲಾಡದೆ ನಿಂತಿತು. ಕೆಂಪಸಿದ್ದಯ್ಯ ಕನ್ನಡಕ ತೆಗೆದು ಒರೆಸಿಕೊಂಡು, "ನಮ್ಮ ಕಾರ್ಖಾನೇಲಿ ನೀನು ಇರ್ಬೇಕಾಗಿತ್ತು ಕಣಯ್ಯ," ಅಂದರು.

ಗಾಲಿಗಳನ್ನು ಮೇಜಿನ ಮೇಲೆ ಎತ್ತರಿಸಿ ಕಟ್ಟಿ, ಪಕ್ಕದ ಪಂಕ್ಚರ್ ಅಂಗಡಿಯ ಗಾಳಿ ಬಿಟ್ಟು ತಿರುಗಿಸಿದರು. ಹೊಲಿಗೆ ಯಂತ್ರದ ಹಾಗೆ ತಿರುಗಿದವು.

ಹಳಿ ಹಾಸುವ ಕೆಲಸ ನನ್ನದು. ತಪ್ಪು ಮಾಡಿದವನಿಗೆ ಅಷ್ಟಾದರೂ ಕೆಲಸ ಬೇಕಲ್ಲ. ನಮ್ಮ ಕಣದ ಸುತ್ತ ಕಬ್ಬಿಣದ ಪಟ್ಟಿ ನಿಲ್ಲಿಸಿ ವೆಲ್ಡಿಂಗ್ ಮಾಡಿಸಿ, ಮೂಲೆಗಳಲ್ಲಿ ಬಾಗಿಸಿ ಹಾಸಿದೆ. ಎರಡು ಹಳಿಗಳ ನಡುವಿನ ಅಗಲ ಎಷ್ಟು ಅಂತ ಶಬ್ರೀನಳಿಗೆ ಫೋನು ಮಾಡಿದರೆ, "ಎಂಬತ್ತೊಂಬತ್ತು ಮಿಲಿಮೀಟರ್ ಮಾಮ," ಅಂದಳು. ಅಷ್ಟೇ ಉದ್ದದ ಒಂದು ಕಬ್ಬಿಣದ ತುಂಡು ಕೊಯ್ದು, ಮೊಳಕ್ಕೊಂದು ಕಡೆ ಇಟ್ಟು ನೋಡಿ ಹಾಸಿದೆ. ಒಂದು ಕಡೆಯೂ ತಪ್ಪಲಿಲ್ಲ.

ಹಬ್ಬದ ದಿನ ಬಂತು. ಊರಿಗೆ ಊರೇ ಕಣದಲ್ಲಿ. ಹಂಡೆ ರೈಲಾದ ಕಥೆ ಎಲ್ಲರಿಗೂ ಗೊತ್ತಿತ್ತು. ಅವ್ವ ಇಂಜಿನ್ನಿನ ಹಿಂದಿನ ತೊಟ್ಟಿಗೆ ಚೊಂಬಿನಿಂದ ನೀರು ತುಂಬಿದಳು, ಹೊಗೆಕೊಳವೆಗೆ ಒಂದು ಎಳೆ ಬಳ್ಳಿ ಸುತ್ತಿದಳು, ಕುಂಕುಮ ಇಟ್ಟಳು. ಸಾಬರು ಬೆಂಕಿ ಹಾಕಿದರು. ಮುಳ್ಳು ಏರಿತು. ಅವ್ವನಿಗೆ ಅಂತ ಹಿಂದೆ ಒಂದು ಮಣೆಗಾಡಿ ಕಟ್ಟಿದ್ದರು.

"ಮೊದಲು ಖಾಲಿ ಓಡ್ಲಿ, ಆಮೇಲೆ ನೀವು ಕೂರಿ," ಅಂದು ಸಾಬರು ಉಗಿ ಬಿಟ್ಟರು.

ಇಂಜಿನ್ನು ನಾಲ್ಕು ಮೊಳ ಹೋಯಿತು. ಜನ ಹೋ ಅಂದರು. ಹಳಿ ಬಾಗುವ ಕಡೆ ಒಂದು ಸಲ ನಡುಗಿ, ಒಳಬದಿಯ ಗಾಲಿಗಳು ಹಳಿಯಿಂದ ಜಾರಿ, ಇಡೀ ಇಂಜಿನ್ನು ಎರಡು ಹಳಿಗಳ ನಡುವೆ ಕುಸಿದು ಕೂತಿತು. ಬುಸ್ಸೆಂದು ಉಗಿ ಬಿಟ್ಟುಕೊಂಡು ಅಲ್ಲೇ ನಿಂತಿತು.

"ಅಯ್ಯೋ, ಅಂಡೆನೂ ಓಯ್ತು, ರೈಲೂ ಓಯ್ತು," ಅಂದಳು ಪಕ್ಕದ ಮನೆಯ ಯಶೋದಮ್ಮ. ಜನ ನಕ್ಕರು. ಅವ್ವ ನಗಲಿಲ್ಲ.

ನನ್ನ ತಲೆಗೆ ಬೆಂಕಿ ಹತ್ತಿತು. ಸುಳ್ಳು ಹೇಳಿದವನು ನಾನು, ಅವ್ವನ ಮುಖ ತಪ್ಪಿಸಿ ಒಂದು ವರ್ಷ ಬದುಕಿದವನು ನಾನು. ಇದು ಓಡಿಬಿಟ್ಟರೆ ನನ್ನ ತಪ್ಪು ಮುಚ್ಚಿಹೋಗುತ್ತದೆ ಅಂತ ಕಾಯುತ್ತಿದ್ದೆ. ಅದೆಲ್ಲ ಒಂದೇ ಸಲ ಬಾಯಿಗೆ ಬಂತು.

"ಥೂ ನಿನ್ನ! ನೋಡಿ ನಕಲು ಮಾಡೋಕಾದ್ರೂ ನೆಟ್ಟಗೆ ಬತ್ತದೇನ್ಲಾ ನಿಂಗೆ? ಡೂಪ್ಲಿಕೇಟ್ ಅಂತ ಸುಮ್ನೆ ಕರೀತಾರಾ? ನಮ್ಮವ್ವನ ಹಂಡೆ ಹಾಳು ಮಾಡಿ ಕೂತಿದ್ದೀಯಲ್ಲೋ!"

ಇಪ್ಪತ್ತು ವರ್ಷದಲ್ಲಿ ಅವರನ್ನು ನಾನು ಒಂದು ದಿನವೂ ಏಕವಚನದಲ್ಲಿ ಕರೆದವನಲ್ಲ. ಅವರ ಮಗಳು ಪಕ್ಕದಲ್ಲೇ ನಿಂತಿದ್ದಳು.

ಸಾಬರು ಇಂಜಿನ್ನಿನ ಪಕ್ಕ ಬಗ್ಗಿದರು. ನೆಲಕ್ಕೆ ಮಲಗಿ, ಜೇಬಿನಿಂದ ಅಳತೆಯ ಕಡ್ಡಿ ತೆಗೆದು ಹಳಿಯ ಅಗಲ ನೋಡಿದರು. ಗಾಲಿಯ ಅಗಲ ನೋಡಿದರು.

"ಹಳಿ ಎಂಬತ್ತೊಂಬತ್ತು. ಗಾಲಿ ಕೂತಿರೋದು ಎಂಬತ್ಮೂರು ಚಿಲ್ರೆಗೆ."

ಶಬ್ರೀನ್ ಬಾಯಿ ಮೇಲೆ ಕೈಯಿಟ್ಟುಕೊಂಡಳು. "ಅಬ್ಬಾಜಿ, ನೀವು ಮೀಟರ್ ಗೇಜ್ ಅಂತ ಹಿಡಿದ್ರಾ?"

"ಚಿಕ್ಕ ಹಳಿ ಅಂದ್ರೆ ಮೀಟರ್ ಗೇಜೇ ಅಲ್ವೇನಮ್ಮ?"

"ಜಪಾನಿನವರ ಹಳಿ ಮೂರೂವರೆ ಅಡಿ. ನಮ್ಮ ಮೀಟರ್ ಗೇಜಿಗಿಂತ ಸ್ವಲ್ಪ ಅಗಲ. ನಿಮಗೆ ಗೊತ್ತಿದೆ ಅಂದುಕೊಂಡಿದ್ದೆ."

ಹಾಳೆಯಲ್ಲಿ ಆ ಅಂಕಿ ಇದ್ದ ಮೂಲೆಯನ್ನು ಗೆದ್ದಲು ತಿಂದಿತ್ತು. ಪಕ್ಕದಿಂದ ಬರೆದ ಚಿತ್ರದಲ್ಲಿ ಅಗಲ ಕಾಣುವುದಿಲ್ಲ. ಮದ್ದೂರು ಸ್ಟೇಷನ್ನಿನಲ್ಲಿ ಬುತ್ತಿ ಹಿಡಿದು ಬೆಳೆದವರಿಗೆ ಲೋಕದಲ್ಲಿ ಇರುವುದು ಎರಡೇ ಹಳಿ: ಈಗಿನ ದೊಡ್ಡದು, ಅಪ್ಪನ ಕಾಲದ ಚಿಕ್ಕದು. ಜಪಾನಿನ ಇಂಜಿನ್ನನ್ನು ಅವರಿಗೆ ಗೊತ್ತಿಲ್ಲದ ಹಾಗೆ ಅವರ ಕೈ ಅಪ್ಪನ ಹಳಿಯ ಮೇಲೆ ಕೂರಿಸಿತ್ತು. ಐದೂವರೆ ಮಿಲಿಮೀಟರ್. ಒಂದು ಪೆನ್ಸಿಲ್ಲಿನ ದಪ್ಪವೂ ಇಲ್ಲ.

ನನಗೆ ದಾರಿ ಹೊಳೆಯಿತು. "ಬುಡಿ, ನಾಳೆನೇ ಹಳಿ ಕಿತ್ತು ಹತ್ತಿರಕ್ಕೆ ಆಕ್ತೀನಿ. ಒಂದು ದಿನದ ಕೆಲಸ."

ಸಾಬರು ಮಂಡಿ ಒರೆಸಿಕೊಂಡು ಎದ್ದರು. "ಹಳಿ ಸರಿ ಐತೆ. ತಪ್ಪಾಗಿರೋದು ಇಂಜಿನ್ನು."

"ಯಾರಿಗೆ ಗೊತ್ತಾಯ್ತದೆ?"

ಸಾಬರು ಅಳತೆಯ ಕಡ್ಡಿಯನ್ನು ಜೇಬಿಗಿಟ್ಟರು. ಅವ್ವನ ಮುಂದೆ ಹೋಗಿ ನಿಂತರು. "ನಾಳೆ ಲೇತು ತರ್ಲಾ ಅವ್ವ?"

ಅವ್ವ ಆ ಕುಸಿದ ಇಂಜಿನ್ನನ್ನೇ ನೋಡುತ್ತಿದ್ದಳು. "ನೀರು ಕಾದದೆ. ಅರ್ಧ ಮಾತು ಉಳ್ಸ್ಕಂಡಿದ್ದೀಯ. ಓಗು, ಇನ್ನರ್ಧ ಮಾಡ್ಕಂಡು ಬಾ," ಅಂದಳು. ಆಮೇಲೆ ನನ್ನ ಕಡೆ ತಿರುಗಿದಳು. "ನೀನು ಬಾಯಿ ಮುಚ್ಕಂಡು ಅದ್ನ ಎತ್ತಿ ಆಟೋಗಿಡು."

ಗಾಲಿ ಸ್ವಲ್ಪ ಹೊರಕ್ಕೆ ಎಳೆದರೆ ಮುಗಿಯುವ ಕೆಲಸ ಅಂದುಕೊಂಡಿದ್ದೆ. ಗಾಲಿ ಹೊರಕ್ಕೆ ಬಂದರೆ ಅದನ್ನು ತಳ್ಳುವ ಸರಳು ಹೊರಕ್ಕೆ ಬರಬೇಕು, ಸರಳು ಬಂದರೆ ಸಿಲಿಂಡರು ಬರಬೇಕು, ಸಿಲಿಂಡರು ಬಂದರೆ ಚೌಕಟ್ಟು ಅಗಲವಾಗಬೇಕು. ಸಾಬರು ಕೊನೆಯ ತಿರುಪಿನವರೆಗೆ ಎಲ್ಲ ಬಿಚ್ಚಿದರು. ಬಾಯ್ಲರೊಂದನ್ನು ಬಿಟ್ಟು ಉಳಿದದ್ದನ್ನು ಹೆಚ್ಚುಕಡಿಮೆ ಹೊಸದಾಗಿ ಮಾಡಿದರು. ನಾಲ್ಕು ತಿಂಗಳು. ನಾನು ದಿನ ಬಿಟ್ಟು ದಿನ ಹೋಗುತ್ತಿದ್ದೆ. ಚಹಾ ಕೊಡುತ್ತಿದ್ದರು, ಆಲೆಮನೆಯ ಸಮಾಚಾರ ಕೇಳುತ್ತಿದ್ದರು. ಕಣದಲ್ಲಿ ನಡೆದದ್ದನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಶಿವರಾತ್ರಿ ಕಳೆದು ಒಂದು ಭಾನುವಾರ ಬೆಳಿಗ್ಗೆ ಮತ್ತೆ ತಂದರು. ಈ ಸಲ ಡಂಗುರ ಇಲ್ಲ. ನಾವು ಐದಾರು ಜನ, ಎರಡು ನಾಯಿ. ಹಬ್ಬವಲ್ಲದಿದ್ದರೂ ಅವ್ವ ಮತ್ತೆ ಬಳ್ಳಿ ಸುತ್ತಿದಳು, ಮತ್ತೆ ಚೊಂಬಿನಲ್ಲಿ ನೀರು ತುಂಬಿದಳು. ಸಾಬರು ಬಗ್ಗಿ ಉಗಿ ಬಿಟ್ಟರು. ಇಂಜಿನ್ನು ಖಾಲಿ ಒಂದು ಸುತ್ತು ಹೋಯಿತು. ಬಾಗಿನಲ್ಲಿ ನಡುಗಲಿಲ್ಲ. ಎರಡನೇ ಸುತ್ತು ಹೋಯಿತು. ಆ ಆರು ದೊಡ್ಡ ಗಾಲಿ, ಅವುಗಳ ಪಕ್ಕ ಹಿಂದೆ ಮುಂದೆ ಆಡುವ ಸರಳು, ಬೆಳಗಿನ ಬಿಸಿಲಿಗೆ ಮಿನುಗುವ ತಾಮ್ರ, ಅದರ ಮೇಲೆ ಚುಕ್ಕಿ ಚುಕ್ಕಿ ಅಕ್ಷರ! ನೂರು ವರ್ಷದ ಹಿಂದೆ ಯಾವುದೋ ದೇಶದಲ್ಲಿ ಬರೆದ ಚಿತ್ರ ನಮ್ಮ ಕಣದಲ್ಲಿ ಉಸಿರಾಡುತ್ತಿತ್ತು.

ಅವ್ವ ಸೀರೆ ಎತ್ತಿಕಟ್ಟಿ ಮಣೆಗಾಡಿಯ ಮೇಲೆ ಕೂತಳು. ಇಂಜಿನ್ನು ಒಂದು ಕ್ಷಣ ಎಳೆಯಲಾರದೆ ಮುಲುಗಿತು, ಆಮೇಲೆ ಹಿಡಿತ ಸಿಕ್ಕಿ ಹೊರಟಿತು.

"ಏಯ್, ನಿದಾನ ಕಣ್ಲಾ! ನಾನೇನು ಮೈಸೂರಿಗೆ ಓಗ್ಬೇಕಾ?" ಅಂತ ಕೂಗಿದಳು. ಇಳಿ ಅಂದರೆ ಇಳಿಯಲಿಲ್ಲ. ಏಳು ಸುತ್ತು ಹೊಡೆದಳು. ಬೇಲಿಯ ಆಚೆ ಯಶೋದಮ್ಮ ಇಣುಕಿದಾಗ, "ಬಾರೇ, ಟಿಕೀಟು ತಗೋ," ಅಂದಳು.

ಕಳೆದ ದೀಪಾವಳಿಗೆ ಸಾಬರು ಹೊಸ ಹಂಡೆ ಹೊತ್ತು ತಂದರು. ತಾವೇ ಬಡಿದು ಮಾಡಿದ್ದು. ಹಳೆಯದನ್ನು ಕೊಯ್ಯುವ ಮೊದಲೇ ಹಳೇ ಪೇಪರು ಹಚ್ಚಿ ಅದರ ಆಕಾರ ಹಿಡಿದಿಟ್ಟಿದ್ದರಂತೆ. ಮಾದರಿ ಹಿಡಿಯದೆ ಯಾವುದನ್ನೂ ಕೊಯ್ಯುವ ಅಭ್ಯಾಸ ಅವರಿಗಿಲ್ಲ. ಅವ್ವ ಕಣ್ಣು ಮುಚ್ಚಿ ಅದರ ಕುತ್ತಿಗೆಯ ಸುತ್ತ ಕೈಯಾಡಿಸಿದಳು. ಅಡಿಯ ಹತ್ತಿರ ಕೈ ನಿಂತಿತು. ಅಲ್ಲೊಂದು ತಗ್ಗು. ಚಿಕ್ಕವನಿದ್ದಾಗ ನಾನು ಹಳೇ ಹಂಡೆಯನ್ನು ಬೀಳಿಸಿ ಮಾಡಿದ್ದ ತಗ್ಗು.

"ಇದ್ನೂ ಮಾಡಿದ್ದೀಯಲ್ಲೋ!"

"ಮಾದರಿಲಿ ಇತ್ತಲ್ಲವ್ವ."

ಅವ್ವ ಆ ಸಂಜೆ ಅದಕ್ಕೆ ಸುಣ್ಣದ ಪಟ್ಟೆ ಬಳಿದಳು. ಅವರಿಬ್ಬರ ನಡುವಿನ ಲೆಕ್ಕ ಅಲ್ಲಿಗೆ ಚುಕ್ತಾ ಆಯಿತು.

ಆಮೇಲಿನ ತಿಂಗಳು ಮಂಡ್ಯದ ಆ ಪ್ರದರ್ಶನ. ಇಂಜಿನ್ನು ತೆಗೆದುಕೊಂಡು ಹೋಗೋಣ ಅಂತ ಹಠ ಮಾಡಿದವನು ನಾನೇ. ಸಾಬರಿಗೆ ಮನಸ್ಸಿರಲಿಲ್ಲ. ನಾಲ್ಕು ಜನ ಓದಿದವರ ಮುಂದೆ ಅವರ ಕೆಲಸ ಇಟ್ಟು, ಅವರಿಂದ ಒಳ್ಳೆಯ ಮಾತು ಹೇಳಿಸಿದರೆ ಕಣದಲ್ಲಿ ನಾನು ಆಡಿದ್ದು ತೊಳೆದುಹೋಗಬಹುದು ಅಂತ ನನ್ನ ಒಳಲೆಕ್ಕ. ಆ ಕರೀ ಕೋಟಿನವನು ನಕಲು ಅಂತ ಬರೆದಾಗ ನಾನು ತೋಳೇರಿಸಿಕೊಂಡು ಮುಂದೆ ನುಗ್ಗಿದೆ. ಸಾಬರು ನನ್ನ ಅಂಗಿ ಹಿಡಿದು ಎಳೆದು, ಮೆಲ್ಲಗೆ ಅಂದರು:

"ಬುಡಿ ಸಿವರಾಜಣ್ಣ. ನಾನು ಇದನ್ನ ಮೊದಲನೇ ಸಲ ಕೇಳ್ತಾ ಇಲ್ಲ."

ಚುಚ್ಚಲು ಅಂದದ್ದಲ್ಲ. ನನ್ನನ್ನು ಸಮಾಧಾನ ಮಾಡಲು ಅಂದದ್ದು. ಅದಕ್ಕೇ ನಾನು ಕಾಗದ ಕಿತ್ತುಕೊಂಡೆ. ಗೇಟಿನ ಹೊರಗೆ ನಿಂತಾಗ ನನಗೆ ಯಾರ ಮೇಲೆ ಸಿಟ್ಟು ಬಂದಿದೆ ಅಂತ ನನಗೇ ತಿಳಿಯಲಿಲ್ಲ.

ವಾಪಸು ಬರುವಾಗ ಆಟೋದಲ್ಲಿ ಇಬ್ಬರೇ. ಮಂಡ್ಯ ದಾಟಿ, ಗೆಜ್ಜಲಗೆರೆ ದಾಟಿ, ಮದ್ದೂರು ಬಂತು. ಅಂಗಡಿಯ ಮುಂದೆ ಇಬ್ಬರೂ ಸೇರಿ ಇಂಜಿನ್ನು ಇಳಿಸಿದೆವು.

"ಸಾಬ್ರೇ," ಅಂದೆ.

"ಏನು?"

"ಏನಿಲ್ಲ. ಹೊಗೆಕೊಳವೆ ಹುಷಾರು, ಬಾಗಿಲಿಗೆ ತಾಕ್ತದೆ."

ಅದಾಗಿ ಎಷ್ಟೋ ಸಲ ಆ ಸ್ಟೂಲಿನ ಮೇಲೆ ಕೂತಿದ್ದೇನೆ. ಹೋದ ತಿಂಗಳು ಗಾಣದ ಅಚ್ಚಿನ ಬಳೆ, ಬುಶ್, ಸವೆದಿತ್ತು. ಸಾಬರು ಹೊಸದು ಮಾಡಿಟ್ಟಿದ್ದರು. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ, ಲೇತೂ ನಿಂತಿತ್ತು. ಬುಶ್ ನನ್ನ ಕೈಗಿಟ್ಟು, "ನೋಡ್ಕಳಿ, ಸರಿ ಐತಾ?" ಅಂದರು.

"ಐತೆ," ಅಂದೆ.

ಇಷ್ಟು ಬರೆದದ್ದರಿಂದ ಕಣದಲ್ಲಿ ನಾನು ಮಾಡಿದ ಸಾಲ ತೀರಿತು ಅಂತ ನಾನು ಅಂದುಕೊಂಡಿಲ್ಲ. ಇಡೀ ಊರಿನ ಎದುರು, ಅವರ ಮಗಳ ಎದುರು ಕೂಗಿ ಆಡಿದ ಮಾತು ಅದು. ಅದಕ್ಕೆ ಕೊಡಬೇಕಾದ್ದನ್ನು ಅಷ್ಟೇ ಗಟ್ಟಿಯಾಗಿ, ಅಷ್ಟೇ ಜನರ ಎದುರು ಕೊಡಬೇಕು. ಅವತ್ತು ಬುಶ್ ಜೇಬಿಗಿಟ್ಟುಕೊಂಡು, ಚಹಾ ಕುಡಿದು, ನಾಳೆ ಬತ್ತೀನಿ ಅಂದು ಎದ್ದು ಬಂದೆ.